ಬರಿದಾದ ಸಮಾಧಿ: ಈಸ್ಟರ್ ಹಬ್ಬದ ಅರ್ಥ ಮತ್ತು ಆಚರಣೆ

ಮಂಜೇಶ್ವರ ಗೋವಿಂದ ಪೈಗಳ 'ಗೊಲ್ಗೊಥಾ'ವನ್ನು ಓದಿದ ಕನ್ನಡಿಗರಿಗೆ ಯೇಸುಕ್ರಿಸ್ತನ ಕೊನೆಯ ದಿನ ಅಪರಿಚಿತವಲ್ಲ. ಆ ಖಂಡಕಾವ್ಯವನ್ನು ನಾನು ಕೆಲವು ವರ್ಷ ತರಗತಿಯಲ್ಲಿ ಪಾಠ ಹೇಳಿದ್ದುಂಟು. ಒಂದು ವರ್ಷ ಪಾಠ ಮುಗಿದು ಪುಸ್ತಕ ಮುಚ್ಚಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಆಮೇಲೆ, ಸಾರ್?" ಎಂದು ಕೇಳಿದಳು. "ಕವಿ ಆರಿಸಿಕೊಂಡದ್ದು ಕ್ರಿಸ್ತನ ಕೊನೆಯ ದಿನವನ್ನಮ್ಮಾ, ಕಾವ್ಯದ ವಸ್ತು ಅಷ್ಟೇ" ಎಂದೆ. ಆಕೆ ಕ್ರೈಸ್ತ ಮನೆತನದ ಹುಡುಗಿ. ಸ್ವಲ್ಪ ಸಂಕೋಚದಿಂದಲೇ, "ನಮ್ಮ ಮನೆಯಲ್ಲಿ ಅದನ್ನು ಕೊನೆಯ ದಿನ ಅನ್ನುವುದಿಲ್ಲ, ಸಾರ್" ಎಂದು ಹೇಳಿ ಕುಳಿತಳು.

ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಶಿಲುಬೆಯ ಶುಕ್ರವಾರವನ್ನು ನಾವು ಸಾಹಿತ್ಯದ ಮೂಲಕ ಬಲ್ಲೆವು; ಒಬ್ಬ ಸಜ್ಜನನ ವಧೆ ಯಾವ ಮತದವನ ಹೃದಯವನ್ನಾದರೂ ಕಲಕುತ್ತದೆ. ಆದರೆ ಅದರ ಮೂರನೆಯ ದಿನದ ಭಾನುವಾರವನ್ನು, ಅಂದರೆ ಈಸ್ಟರನ್ನು, ಕ್ರೈಸ್ತರ ಒಂದು ಸಂಭ್ರಮವೆಂದಷ್ಟೇ ತಿಳಿದು ಸುಮ್ಮನಾಗುತ್ತೇವೆ. ಅಂದು ಆ ಹುಡುಗಿಗೆ ಕೊಡಲಾಗದ ಉತ್ತರವನ್ನು ಇಂದು ತಮ್ಮ ಮುಂದೆ ಇಡಲು ಯತ್ನಿಸುತ್ತೇನೆ. ಕ್ರೈಸ್ತಮತದಲ್ಲಿ ಹುಟ್ಟದಿದ್ದರೂ ಆ ಮತದ ಗ್ರಂಥಗಳನ್ನು ಆದರದಿಂದ ಓದಿರುವ ಒಬ್ಬ ಸಾಹಿತ್ಯದ ಮೇಷ್ಟರ ತಿಳಿವಳಿಕೆ ಎಂದು ಇದನ್ನು ಭಾವಿಸಬೇಕು.

ಮೊದಲಿಗೆ ಈ ಹಬ್ಬದ ಸ್ಥಾನವನ್ನು ಗಮನಿಸೋಣ. ಹೊರಗಿನವರ ಕಣ್ಣಿಗೆ ಕ್ರೈಸ್ತರ ದೊಡ್ಡ ಹಬ್ಬ ಕ್ರಿಸ್‌ಮಸ್. ಆದರೆ ಡಿಸೆಂಬರ್ ೨೫ರಂದು ಕ್ರಿಸ್ತಜನನವನ್ನು ಆಚರಿಸುತ್ತಿದ್ದುದಕ್ಕೆ ಖಚಿತವಾದ ಆಧಾರ ದೊರೆಯುವುದು ನಾಲ್ಕನೆಯ ಶತಮಾನದ ರೋಮಿನಲ್ಲಿ. ಈಸ್ಟರ್ ಅದಕ್ಕಿಂತ ಬಹಳ ಹಳೆಯದು. ಎರಡನೆಯ ಶತಮಾನದಲ್ಲಿ ಆಗಲೇ ಅದರ ದಿನವನ್ನು ಕುರಿತು ವಾದಗಳು ನಡೆದಿದ್ದವು. ವರ್ಷಕ್ಕೊಮ್ಮೆ ಬರುವ ಹಬ್ಬ ಇದೊಂದೇ ಅಲ್ಲ. ಪ್ರತಿ ಭಾನುವಾರವೂ ಒಂದು ಕಿರಿಯ ಈಸ್ಟರ್. ಯೆಹೂದ್ಯರ ವಿಶ್ರಾಂತಿಯ ದಿನವಾದ ಶನಿವಾರವನ್ನು ಬಿಟ್ಟು ಕ್ರೈಸ್ತರು ಭಾನುವಾರ ಪ್ರಾರ್ಥನೆಗೆ ಕೂಡುವುದಕ್ಕೆ ಕಾರಣ ಆ ಬೆಳಗಿನ ನೆನಪು. ರಷ್ಯನ್ ಭಾಷೆಯಲ್ಲಿ ಭಾನುವಾರಕ್ಕಿರುವ ಹೆಸರೇ 'ಪುನರುತ್ಥಾನ' ಎಂಬರ್ಥದ ಮಾತು. ವಾರಕ್ಕೊಮ್ಮೆ, ಅರಿತೋ ಅರಿಯದೆಯೋ, ಆ ನಾಡಿನ ಜನರ ನಾಲಗೆಯ ಮೇಲೆ ಈ ಹಬ್ಬ ನಲಿಯುತ್ತದೆ.

'ಈಸ್ಟರ್' ಎಂಬ ಹೆಸರು ಇಂಗ್ಲಿಷಿನದು. ಅದು ವಸಂತದ ದೇವತೆಯೊಬ್ಬಳ ಹೆಸರಿನಿಂದ ಬಂದಿತೆಂದು ಎಂಟನೆಯ ಶತಮಾನದ ಇಂಗ್ಲೆಂಡಿನ ಸಂನ್ಯಾಸಿ ಬೀಡ್ ಬರೆದಿಟ್ಟಿದ್ದಾನೆ. ಅದಕ್ಕೆ ಅವನ ಮಾತಿನ ಹೊರತು ಬೇರೆ ಹಳೆಯ ಸಾಕ್ಷ್ಯವಿಲ್ಲವಾದ್ದರಿಂದ ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಯುರೋಪಿನ ಬಹುತೇಕ ಭಾಷೆಗಳಲ್ಲಿ ಈ ಹಬ್ಬದ ಹೆಸರು 'ಪಾಸ್ಖ' ಎಂಬುದರ ರೂಪಾಂತರವೇ. ಮಂಗಳೂರಿನ ಕೊಂಕಣಿ ಕ್ರೈಸ್ತರು ಹೇಳುವ 'ಪಾಸ್ಕ್' ಎಂಬುದೂ, ಕನ್ನಡ ಬೈಬಲ್ಲಿನ 'ಪಸ್ಕ'ವೂ ಅದೇ. ಇದರ ಬೇರು ಹೀಬ್ರೂ ಭಾಷೆಯ 'ಪೆಸಾಖ್', ಅಂದರೆ ಯೆಹೂದ್ಯರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ನೆನಪಿನ ಹಬ್ಬ. ಕುರಿಮರಿಯ ರಕ್ತವನ್ನು ಬಾಗಿಲ ನಿಲುವುಗಳಿಗೆ ಬಳಿದ ಮನೆಗಳನ್ನು ಸಾವು ಮುಟ್ಟದೆ ದಾಟಿಹೋಯಿತು. ಆ ರಾತ್ರಿಯೇ ಜನ ಹೊರಟರು. ಸಮುದ್ರ ಅವರಿಗೆ ದಾರಿ ಬಿಟ್ಟಿತು. ಯೇಸುವಿನ ಮರಣ ನಡೆದದ್ದು ಈ ಹಬ್ಬದ ದಿನಗಳಲ್ಲಿ. ಅವನ ಶಿಷ್ಯರೆಲ್ಲರೂ ಯೆಹೂದ್ಯರು. ತಮ್ಮ ಗುರುವಿಗೆ ಸಂಭವಿಸಿದ್ದನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ಒದಗಿದ ಭಾಷೆ ಈ ಹಳೆಯ ಬಿಡುಗಡೆಯ ಕಥೆಯದೇ. ದಾಸ್ಯದಿಂದ ಸ್ವಾತಂತ್ರ್ಯಕ್ಕೆ ದಾಟಿದ ಕಥೆ ಮರಣದಿಂದ ಜೀವಕ್ಕೆ ದಾಟಿದ ಕಥೆಯಾಯಿತು.

ಹಬ್ಬದ ದಿನ ವರ್ಷದಿಂದ ವರ್ಷಕ್ಕೆ ಏಕೆ ಬದಲಾಗುತ್ತದೆ ಎಂದು ಅನೇಕರು ಕೇಳುತ್ತಾರೆ. ಪಂಚಾಂಗ ನೋಡಿ ಬೆಳೆದ ನಮಗೆ ಇದು ಕಷ್ಟದ ಮಾತಲ್ಲ. ಸೂರ್ಯನ ಗತಿ, ಚಂದ್ರನ ಗತಿ, ವಾರ, ಈ ಮೂರನ್ನೂ ಹೊಂದಿಸಿದ ಲೆಕ್ಕ ಅದು. ಮಾರ್ಚ್ ೨೧ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ಕಳೆದ ಭಾನುವಾರವೇ ಈಸ್ಟರ್. ಆದ್ದರಿಂದ ಪಾಶ್ಚಾತ್ಯ ಸಭೆಗಳಲ್ಲಿ ಅದು ಮಾರ್ಚ್ ೨೨ಕ್ಕಿಂತ ಮೊದಲೂ ಏಪ್ರಿಲ್ ೨೫ರ ನಂತರವೂ ಬರುವಂತಿಲ್ಲ. ಕೆಲವು ವರ್ಷ ಅದು ನಮ್ಮ ಹೋಳಿ ಹುಣ್ಣಿಮೆಯನ್ನೂ ಕೆಲವು ವರ್ಷ ದವನದ ಹುಣ್ಣಿಮೆಯನ್ನೂ ಹಿಂಬಾಲಿಸಿ ಬರುತ್ತದೆ. ಹಳೆಯ ಜೂಲಿಯನ್ ಪಂಚಾಂಗವನ್ನು ಅನುಸರಿಸುವ ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಹಬ್ಬ ಸಾಮಾನ್ಯವಾಗಿ ತಡವಾಗಿ ಬರುತ್ತದೆ. ೨೦೨೫ರಲ್ಲಿ ಆದಂತೆ ಒಮ್ಮೊಮ್ಮೆ ಎರಡೂ ಒಂದೇ ದಿನ ಕೂಡಿಬರುವುದುಂಟು.

ಈ ದಿನದ ವಿಚಾರದಲ್ಲಿ ನಡೆದ ಹಳೆಯ ಜಗಳಗಳಲ್ಲಿ ಒಂದು ಪ್ರಸಂಗ ನನಗೆ ಪ್ರಿಯವಾದದ್ದು. ಎರಡನೆಯ ಶತಮಾನದ ನಡುಭಾಗದಲ್ಲಿ ಸ್ಮುರ್ನದ ವೃದ್ಧ ಬಿಷಪ್ ಪಾಲಿಕಾರ್ಪ್ ರೋಮಿಗೆ ಬಂದ. ಅವನ ನಾಡಿನವರು ಯೆಹೂದ್ಯರ ತಿಂಗಳ ಹದಿನಾಲ್ಕನೆಯ ದಿನ, ವಾರ ಯಾವುದಾದರೂ ಸರಿ, ಹಬ್ಬ ಮಾಡುತ್ತಿದ್ದರು. ರೋಮಿನವರದು ಭಾನುವಾರದ ಪಕ್ಷ. ಅವನೂ ರೋಮಿನ ಬಿಷಪ್ ಅನಿಸೀಟಸನೂ ವಾದಿಸಿದರು. ಇಬ್ಬರಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಒಂದೇ ಪೀಠದಲ್ಲಿ ರೊಟ್ಟಿ ಮುರಿದು, ಸಮಾಧಾನದಿಂದ ಬೀಳ್ಕೊಂಡರು. ೩೨೫ರಲ್ಲಿ ಸೇರಿದ ನಿಕೇಯ ಮಹಾಸಭೆ ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ತೀರ್ಮಾನಿಸಿತು. ತೀರ್ಮಾನವೇನೋ ಆಯಿತು, ಆ ಇಬ್ಬರು ಮುದುಕರ ಸೌಜನ್ಯ ಮುಂದಿನವರಲ್ಲಿ ಸದಾ ಉಳಿಯಿತೆಂದು ಹೇಳಲಾರೆ.

ಇನ್ನು ಹಬ್ಬದ ತಿರುಳಿಗೆ ಬರೋಣ. ನಾಲ್ಕು ಸುವಾರ್ತೆಗಳನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದಿದವನಿಗೆ ಒಂದು ಅಂಶ ಬೆರಗು ತರುತ್ತದೆ. ಶಿಲುಬೆಯ ಮರಣವನ್ನು ಅವು ಗಂಟೆ ಗಂಟೆಗೆ ವಿವರಿಸುತ್ತವೆ; ಆದರೆ ಪುನರುತ್ಥಾನದ ಕ್ಷಣವನ್ನು ಒಂದೂ ವರ್ಣಿಸುವುದಿಲ್ಲ. ಅದನ್ನು ಕಂಡವರು ಯಾರೂ ಇಲ್ಲ. ಶುಕ್ರವಾರ ಸಂಜೆ ಅರಿಮಥಾಯದ ಯೋಸೇಫನೆಂಬುವನು ದೇಹವನ್ನು ಬಂಡೆಯಲ್ಲಿ ಕೊರೆದ ಗವಿಯಲ್ಲಿ ಇರಿಸಿ ಬಾಗಿಲಿಗೆ ಕಲ್ಲುರುಳಿಸಿದ. ಶನಿವಾರ ವಿಶ್ರಾಂತಿಯ ದಿನ, ಯಾರೂ ಹೋಗುವಂತಿಲ್ಲ. ಮೊದಲ ದಿನವನ್ನೂ ಸೇರಿಸಿ ಎಣಿಸುವ ಆ ಕಾಲದ ಪದ್ಧತಿಯಂತೆ ಮೂರನೆಯ ದಿನವಾದ ಭಾನುವಾರ ನಸುಕಿನಲ್ಲಿ ಕೆಲವರು ಹೆಂಗಸರು ಸುಗಂಧದ್ರವ್ಯಗಳನ್ನು ಹಿಡಿದು ಹೊರಟರು. ಅವರು ಹೊರಟದ್ದು ಪವಾಡವನ್ನು ನೋಡಲು ಅಲ್ಲ, ಹೆಣಕ್ಕೆ ಮಾಡಬೇಕಾದ ಉಪಚಾರ ಉಳಿದಿತ್ತೆಂದು. ದಾರಿಯಲ್ಲಿ ಅವರ ಚಿಂತೆ, ಆ ಕಲ್ಲನ್ನು ನಮಗಾಗಿ ಉರುಳಿಸುವವರು ಯಾರು ಎಂಬುದು. ಹೋಗಿ ನೋಡಿದರೆ ಕಲ್ಲು ಸರಿದಿದೆ, ಒಳಗೆ ದೇಹವಿಲ್ಲ. ಮಾರ್ಕನ ಸುವಾರ್ತೆಯ ಅತ್ಯಂತ ಹಳೆಯ ಸಂಪೂರ್ಣ ಹಸ್ತಪ್ರತಿಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ: ಹೆಂಗಸರು ನಡುಗುತ್ತ ಓಡಿಹೋದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ಇಂದಿನ ಬೈಬಲ್ಲುಗಳಲ್ಲಿ ಕಾಣುವ ಮುಂದಿನ ಕೆಲವು ವಾಕ್ಯಗಳು ಅನಂತರ ಸೇರಿದವೆಂದು ಪಾಠಶೋಧಕರಲ್ಲಿ ಹೆಚ್ಚಿನವರ ಅಭಿಪ್ರಾಯ.

ಕ್ರೈಸ್ತರ ಪರಮ ಸಂತೋಷದ ಹಬ್ಬ ಹೀಗೆ ಭಯದಲ್ಲಿ, ಬರಿದಾದ ಒಂದು ಗವಿಯ ಮುಂದೆ ಆರಂಭವಾಗುತ್ತದೆ. ಆ ಕಾಲದಲ್ಲಿ ಹೆಂಗಸರ ಸಾಕ್ಷ್ಯಕ್ಕೆ ಗಂಡಸರ ಸಾಕ್ಷ್ಯದಷ್ಟು ಬೆಲೆಯಿರಲಿಲ್ಲ. ಅವರು ತಂದ ಸುದ್ದಿಯನ್ನು ಶಿಷ್ಯರೇ ಹುಚ್ಚುಮಾತೆಂದು ತಳ್ಳಿಹಾಕಿದರೆಂದು ಲೂಕ ಬರೆಯುತ್ತಾನೆ. ದೇಹವನ್ನು ಶಿಷ್ಯರೇ ಕದ್ದರೆಂಬ ಆಪಾದನೆಯನ್ನು ಮತ್ತಾಯ ಬಚ್ಚಿಡದೆ ದಾಖಲಿಸುತ್ತಾನೆ. ಸಂದೇಹ ಈ ಕಥೆಯ ಹೊರಗಿಲ್ಲ, ಒಳಗೇ ಇದೆ. ಪುನರುತ್ಥಾನವನ್ನು ಸಿದ್ಧಮಾಡಿ ತೋರಿಸಲು ಇತಿಹಾಸಕಾರನಿಗೆ ಸಾಧ್ಯವಿಲ್ಲ. ಅದು ನಂಬುಗೆಯ ವಿಷಯ. ಅವನು ಹೇಳಬಲ್ಲದ್ದು ಇಷ್ಟು: ಗುರುವಿನ ಬಂಧನವಾದಾಗ ಚೆದುರಿ ಓಡಿದ್ದ ಒಂದು ಸಣ್ಣ ಗುಂಪು, ಕೆಲವೇ ಕಾಲದಲ್ಲಿ ಮತ್ತೆ ಒಂದುಗೂಡಿ, ಅವನು ಜೀವಂತನೆಂದು ಅವನನ್ನು ಕೊಂದ ಊರಿನಲ್ಲಿಯೇ ಸಾರತೊಡಗಿತು.

ಇಲ್ಲಿ 'ಪುನರುತ್ಥಾನ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಭಾರತೀಯರಾದ ನಮಗೆ ಅದು ಬೇಗನೆ ಬೇರೊಂದಾಗಿ ಕೇಳಿಸುವ ಅಪಾಯವಿದೆ. ಅದು ಪುನರ್ಜನ್ಮವಲ್ಲ, ಒಂದು ಜೀವ ಮತ್ತೊಂದು ದೇಹವನ್ನು ತಾಳಿ ಕರ್ಮವನ್ನು ಸವೆಸುವುದಲ್ಲ. ಆತ್ಮಕ್ಕೆ ಸಾವಿಲ್ಲವೆಂಬ ತತ್ತ್ವವೂ ಅಲ್ಲ. ಹಾಗಿದ್ದಿದ್ದರೆ ಸಮಾಧಿ ಬರಿದಾಗಬೇಕಾದ ಅಗತ್ಯವಿರಲಿಲ್ಲ. ಸತ್ಯವಾನನು ಬದುಕಿದಂತೆ ಹೋದ ಪ್ರಾಣ ಮರಳಿ ಬರುವುದೂ ಅಲ್ಲ. ಸತ್ಯವಾನನು ಮುಂದೆ ಮತ್ತೊಮ್ಮೆ ಸಾಯಲೇಬೇಕು. ಯೇಸುವೇ ಎಬ್ಬಿಸಿದ ಲಾಜರನೂ ಹಾಗೆಯೇ. ಕ್ರೈಸ್ತರು ಹೇಳುವ ಪುನರುತ್ಥಾನದಲ್ಲಿ ಮರಣ ಹಿಂದೆ ಬಿದ್ದುಹೋಗಿದೆ. ಅದು ಮತ್ತೆ ಬರುವಂತಿಲ್ಲ. ಆದರೆ ಎದ್ದವನು ಅದೇ ಮನುಷ್ಯ, ದೇಹವುಳ್ಳ ಮನುಷ್ಯ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ ಮರಣವಾಗಿ ಇಪ್ಪತ್ತೈದು ವರ್ಷಗಳೊಳಗಿನದು, ಸುವಾರ್ತೆಗಳಿಗಿಂತ ಹಳೆಯದು. ಅವನು ಕೊಡುವ ಉಪಮೆ ಬೀಜದ್ದು. ಬಿತ್ತಿದ್ದು ಕಾಳು, ಎದ್ದದ್ದು ಪೈರು. ಎರಡೂ ಒಂದೇ, ಆದರೂ ಒಂದೇ ಅಲ್ಲ. ಇದು ನಿಜವಲ್ಲವಾದರೆ ನಮ್ಮ ನಂಬುಗೆಯೆಲ್ಲ ಪೊಳ್ಳು ಎಂದು ಅದೇ ಪತ್ರದಲ್ಲಿ ಒಪ್ಪಿಕೊಳ್ಳುವ ಧೈರ್ಯ ಅವನಿಗಿದೆ. ತನ್ನ ಇಡೀ ಮತವನ್ನು ಒಂದೇ ಕಂಬದ ಮೇಲೆ ನಿಲ್ಲಿಸಿ, ಆ ಕಂಬ ಯಾವುದೆಂದು ಎದುರಾಳಿಗೂ ಬೆರಳು ಮಾಡಿ ತೋರಿಸಿದವನು ಅವನು.

ಎದ್ದುಬಂದ ಕ್ರಿಸ್ತನನ್ನು ಕಂಡ ಪ್ರಸಂಗಗಳಲ್ಲಿ ಯೋಹಾನನ ಸುವಾರ್ತೆಯ ಮೂರು ನನ್ನ ಮನಸ್ಸಿನಲ್ಲಿ ನಿಂತಿವೆ. ಮೊದಲನೆಯದು ಮಗ್ದಲದ ಮರಿಯಳದು. ಸಮಾಧಿಯ ಬಳಿ ಅಳುತ್ತಿದ್ದ ಆಕೆ ಎದುರಿಗೆ ನಿಂತವನನ್ನು ತೋಟದ ಮಾಲಿಯೆಂದು ತಿಳಿಯುತ್ತಾಳೆ. ಅವನು ಹೆಸರು ಹಿಡಿದು ಕರೆದಾಗ ಮಾತ್ರ ಗುರುತು ಹತ್ತುತ್ತದೆ. ಎರಡನೆಯದು ತೋಮನದು. ಗಾಯಗಳನ್ನು ಮುಟ್ಟಿದ ಹೊರತು ನಂಬೆನೆಂದ ಅವನಿಗೆ ಕ್ರಿಸ್ತನು ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾನೆ. ಮೂರನೆಯದು ಪೇತ್ರನದು. ಗುರುವಿನ ವಿಚಾರಣೆಯ ರಾತ್ರಿ ಇದ್ದಲ ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತ, ಅವನನ್ನು ನಾನರಿಯೆನೆಂದು ಮೂರು ಬಾರಿ ಹೇಳಿದವನು ಪೇತ್ರ. ಈಗ ಸರೋವರದ ದಡದಲ್ಲಿ ಮತ್ತೊಂದು ಇದ್ದಲ ಬೆಂಕಿ. ಅದರ ಮೇಲೆ ಮೀನು. ಆ ಬೆಂಕಿಯ ಬಳಿ ಕ್ರಿಸ್ತನು ಅವನನ್ನು ಮೂರು ಬಾರಿ ಕೇಳುವುದು, ನನ್ನನ್ನು ಪ್ರೀತಿಸುತ್ತೀಯಾ ಎಂದು. ಮೂಲದ ಗ್ರೀಕಿನಲ್ಲಿ 'ಇದ್ದಲ ಬೆಂಕಿ' ಎಂಬ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಹಿಂದಿನ ತಪ್ಪನ್ನು ಅಳಿಸಿಹಾಕಲಿಲ್ಲ. ಅದರ ಎದುರಿಗೇ ಕೂರಿಸಿ ಅದನ್ನು ಗುಣಪಡಿಸಲಾಯಿತು. ದೇಹದ ಗಾಯಗಳೂ ಹಾಗೆಯೇ: ಮರಣವನ್ನು ಗೆದ್ದವನಿಗೆ ಅವುಗಳನ್ನು ಮಾಯಿಸಿಕೊಂಡು ಬರುವುದು ಕಷ್ಟವಾಗಿತ್ತೇ? ಆದರೆ ಅವನು ಗಾಯಗಳೊಡನೆ ಬಂದ. ಈ ಹಬ್ಬದ ಸಂತೋಷ ದುಃಖವನ್ನು ಮರೆತ ಸಂತೋಷವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆಚರಣೆಯಲ್ಲಿಯೂ ಈ ಕ್ರಮವೇ ಕಾಣುತ್ತದೆ. ಕಥೋಲಿಕರಲ್ಲಿ ಹಬ್ಬಕ್ಕೆ ಮುನ್ನ ನಲವತ್ತು ದಿನಗಳ ತಪಸ್ಸುಕಾಲ. ಅದು ಬೂದಿ ಬುಧವಾರದಂದು ಹಣೆಗೆ ಬೂದಿ ಹಚ್ಚುವುದರಿಂದ ಆರಂಭ. ಆ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಸುಟ್ಟದ್ದು. ಅಂದಿನಿಂದ ದೇವಾಲಯದಲ್ಲಿ 'ಅಲ್ಲೆಲೂಯ' ಎಂಬ ಹರ್ಷಘೋಷ ಕೇಳಿಸುವುದಿಲ್ಲ. ಪವಿತ್ರ ಗುರುವಾರ ಗುರುಗಳು ಜನರ ಪಾದ ತೊಳೆಯುತ್ತಾರೆ. ಅಂದಿನ ಪೂಜೆಯಾದ ಮೇಲೆ ಗಂಟೆಗಳು ಮೌನ. ಶುಕ್ರವಾರ ಬಲಿಪೂಜೆಯೇ ಇಲ್ಲ. ಶನಿವಾರ ಪೀಠ ಬರಿದು. ದೇವರು ಸತ್ತ ದಿನವನ್ನು ತುಂಬಲು ಯಾವ ವಿಧಿಯನ್ನೂ ಹುಡುಕದೆ, ಇಡೀ ಹಗಲನ್ನು ಖಾಲಿಯಾಗಿಯೇ ಬಿಟ್ಟಿರುವುದು ಗಮನಾರ್ಹ. ಶೋಕದ ಮನೆಯಲ್ಲಿ ಮಾತು ಸಲ್ಲದ ಒಂದು ದಿನ ಇರುತ್ತದಲ್ಲ, ಇದು ಅಂಥ ದಿನ.

ಆ ರಾತ್ರಿಯ ಪಾಸ್ಖ ಜಾಗರಣೆಯೇ ಇಡೀ ವರ್ಷದ ಶಿಖರ. ಸ್ನೇಹಿತರೊಬ್ಬರ ಕರೆಯ ಮೇರೆಗೆ ಒಮ್ಮೆ ನಾನೂ ಹೋಗಿದ್ದೆ. ದೇವಾಲಯದ ದೀಪಗಳನ್ನೆಲ್ಲ ಆರಿಸಿ ಜನ ಹೊರಗೆ ನಿಂತಿದ್ದರು. ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿದರು. ಆಳೆತ್ತರದ ಮೇಣದ ದೀಪವೊಂದರ ಮೇಲೆ ಶಿಲುಬೆಯ ಗುರುತನ್ನೂ, ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳನ್ನೂ, ನಡೆಯುತ್ತಿರುವ ವರ್ಷದ ನಾಲ್ಕು ಅಂಕಿಗಳನ್ನೂ ಬರೆದು, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳುಗಳನ್ನು ನೆಟ್ಟರು. ಹೊಸ ಬೆಂಕಿಯಿಂದ ಅದನ್ನು ಹೊತ್ತಿಸಿ ಕತ್ತಲೆಯ ದೇವಾಲಯದೊಳಕ್ಕೆ ನಡೆದರು. ಮೂರು ಕಡೆ ನಿಂತು ಕ್ರಿಸ್ತನ ಬೆಳಕನ್ನು ಘೋಷಿಸಿದರು. ಆ ಒಂದು ಕುಡಿಯಿಂದ ಒಬ್ಬರ ಕೈಯ ಬತ್ತಿ ಮತ್ತೊಬ್ಬರದಕ್ಕೆ ತಾಗುತ್ತ ಇಡೀ ಸಭೆ ಬೆಳಗಿತು. ಅನಂತರ ಹಾಡುವ ಪ್ರಾಚೀನ ಲತೀನ್ ಮೂಲದ ದೀಪಸ್ತುತಿಯಲ್ಲಿ ಮೇಣವನ್ನು ಕೊಟ್ಟ ಜೇನುಹುಳುಗಳಿಗೂ ಸ್ಥಾನವಿದೆ. ಆದಿಮಾನವನ ಪಾಪವನ್ನೇ ಧನ್ಯವೆಂದು ಕರೆದುಬಿಡುವ ಕೆಚ್ಚೂ ಇದೆ. ಬಳಿಕ ಸೃಷ್ಟಿಯಿಂದ ಮೊದಲಾಗಿ ಹಳೆಯ ಒಡಂಬಡಿಕೆಯ ವಾಚನಗಳು. ಅವುಗಳಲ್ಲಿ ಸಮುದ್ರವನ್ನು ದಾಟಿದ ಕಥೆಯನ್ನು ಎಂದೂ ಬಿಡುವಂತಿಲ್ಲ. ಆಮೇಲೆ ಒಮ್ಮೆಗೇ ಗಂಟೆಗಳ ನಾದ, ದೀಪಗಳು, ಮರಳಿ ಬಂದ ಅಲ್ಲೆಲೂಯ. ಮೊದಲ ಶತಮಾನಗಳಲ್ಲಿ ಹೊಸಬರಿಗೆ ಸ್ನಾನದೀಕ್ಷೆ ಕೊಡುತ್ತಿದ್ದುದು ಮುಖ್ಯವಾಗಿ ಈ ರಾತ್ರಿಯೇ. ನೀರಿನಲ್ಲಿ ಮುಳುಗುವುದು ಮರಣ, ಮೇಲೇಳುವುದು ಪುನರುತ್ಥಾನ. ಇಂದಿಗೂ ನೆರೆದವರೆಲ್ಲ ಕೈಯಲ್ಲಿ ದೀಪ ಹಿಡಿದು ತಮ್ಮ ದೀಕ್ಷೆಯ ಪ್ರತಿಜ್ಞೆಯನ್ನು ನವೀಕರಿಸುತ್ತಾರೆ.

ಇಷ್ಟು ಅರ್ಥವತ್ತಾದ ಈ ರಾತ್ರಿಯ ವಿಧಿ ಶತಮಾನಗಳ ಕಾಲ ಶನಿವಾರ ಬೆಳಗ್ಗೆ ನಡೆಯುತ್ತಿತ್ತೆಂದರೆ ಆಶ್ಚರ್ಯವಾಗುತ್ತದೆ. ಸಮಯ ಸ್ವಲ್ಪ ಸ್ವಲ್ಪವೇ ಹಿಂದೆ ಸರಿದು, ಕೊನೆಗೆ ಹಾಡುಹಗಲಿನಲ್ಲಿ, ಬೆರಳೆಣಿಕೆಯ ಜನರ ಮುಂದೆ, ರಾತ್ರಿಯನ್ನು ಹೊಗಳುವ ಸ್ತುತಿಯನ್ನು ಹಾಡುವಂತಾಗಿತ್ತು. ಪೋಪ್ ಹನ್ನೆರಡನೆಯ ಪಯಸ್ ೧೯೫೧ರಲ್ಲಿ ಪ್ರಯೋಗವಾಗಿಯೂ, ೧೯೫೫ರಲ್ಲಿ ಹೊರಡಿಸಿದ ಆಜ್ಞೆಯಿಂದ ಎಲ್ಲೆಡೆಗೂ ಅನ್ವಯಿಸುವಂತೆಯೂ ಜಾಗರಣೆಯನ್ನು ರಾತ್ರಿಗೆ ಮರಳಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರಲ್ಲಿ ದೇಶಭಾಷೆಗಳಿಗೆ ಪೂಜೆಯಲ್ಲಿ ಎಡೆಮಾಡಿಕೊಟ್ಟಿತು. ನಾನು ಅಂದು ಆ ಸ್ತುತಿಯನ್ನು ಕನ್ನಡದಲ್ಲಿ ಕೇಳುವಂತಾದದ್ದು ಇದರಿಂದಾಗಿ.

ಪೂರ್ವದ ಸಭೆಗಳ ದೃಷ್ಟಿ ಇನ್ನೊಂದು ಬಗೆಯದು. ಗ್ರೀಕರೂ ರಷ್ಯನ್ನರೂ ನಡುರಾತ್ರಿ ದೀಪ ಹಿಡಿದು ಹೊರಬಂದು, ಕ್ರಿಸ್ತನು ಎದ್ದನೆಂದು ಒಬ್ಬರು ನುಡಿದರೆ, ನಿಜವಾಗಿಯೂ ಎದ್ದನೆಂದು ಇನ್ನೊಬ್ಬರು ಮರುನುಡಿಯುತ್ತಾರೆ. ಕೆಂಪು ಬಣ್ಣ ಹಾಕಿದ ಮೊಟ್ಟೆಗಳನ್ನು ಹಂಚುತ್ತಾರೆ. ಉಪವಾಸದಲ್ಲಿ ವರ್ಜ್ಯವಾಗಿದ್ದ ಮೊಟ್ಟೆ ಹಬ್ಬದ ದಿನ ಮರಳಿ ಬಂದದ್ದೂ, ಒಡೆದ ಚಿಪ್ಪು ತೆರೆದ ಸಮಾಧಿಯ ಸಂಕೇತವಾದದ್ದೂ ಇದರ ಹಿನ್ನೆಲೆ. ಅವರ ಪುನರುತ್ಥಾನದ ಚಿತ್ರದಲ್ಲಿ ಕ್ರಿಸ್ತನು ಸಮಾಧಿಯಿಂದ ಮೇಲೇಳುವುದಿಲ್ಲ, ಪಾತಾಳಕ್ಕಿಳಿಯುತ್ತಾನೆ. ಇಸ್ತಾನ್‌ಬುಲ್ಲಿನಲ್ಲಿ ಈಗ ಮಸೀದಿಯಾಗಿರುವ ಖೋರಾ ದೇವಾಲಯದಲ್ಲಿ ಹದಿನಾಲ್ಕನೆಯ ಶತಮಾನದ ಇಂಥದೊಂದು ಭಿತ್ತಿಚಿತ್ರವಿದೆ. ಮುರಿದ ಬಾಗಿಲುಗಳು ಕಾಲ ಕೆಳಗೆ. ಬಲಗೈಯಲ್ಲಿ ಆದಾಮ, ಎಡಗೈಯಲ್ಲಿ ಹವ್ವ. ಅವರ ಬೆರಳುಗಳನ್ನಲ್ಲ, ಮಣಿಕಟ್ಟನ್ನು ಹಿಡಿದು ಎಳೆಯುತ್ತಿದ್ದಾನೆ. ಹಿಡಿದುಕೊಳ್ಳುವ ಶಕ್ತಿ ಸತ್ತವರಿಗಿಲ್ಲ, ಎತ್ತುವವನೇ ಹಿಡಿಯಬೇಕು.

ನನ್ನನ್ನು ಜಾಗರಣೆಗೆ ಕರೆದೊಯ್ದ ಸ್ನೇಹಿತರ ಮಾತು ಹೇಳಿ ಮುಗಿಸುತ್ತೇನೆ. ಅವರು ನನ್ನೊಡನೆ ಅಧ್ಯಾಪಕರಾಗಿದ್ದವರು. ಆ ವರ್ಷವೇ ಅವರ ಮಗ ತೀರಿಕೊಂಡಿದ್ದ. ನಮ್ಮಲ್ಲಾದರೆ ಸೂತಕದ ಮನೆಯವರು ಆ ವರ್ಷ ಹಬ್ಬ ಮಾಡುವುದಿಲ್ಲ. ತಡೆಯಲಾರದೆ ಕೇಳಿದೆ, "ಈ ವರ್ಷವೂ ಹಬ್ಬವೇ, ಸಾರ್?" ಅವರು ಪೀಠದ ಪಕ್ಕದ ದೊಡ್ಡ ದೀಪವನ್ನು ತೋರಿಸಿ, "ಹುಡುಗನ ಪೆಟ್ಟಿಗೆಯ ಪಕ್ಕ ಹಚ್ಚಿಟ್ಟಿದ್ದು ಇಂಥದೇ ದೀಪ, ಮೇಷ್ಟ್ರೇ. ಹೋದ ವರ್ಷ ಈ ರಾತ್ರಿ ಅದನ್ನು ಹೊತ್ತಿಸುವಾಗ ಅವನು ನನ್ನ ಪಕ್ಕದಲ್ಲೇ ನಿಂತಿದ್ದ" ಎಂದರು. ಹಬ್ಬದ ರಾತ್ರಿ ಹೊತ್ತಿಸಿದ ಆ ದೀಪವನ್ನೇ ವರ್ಷವೆಲ್ಲ ದೀಕ್ಷೆಯ ವೇಳೆಯಲ್ಲಿಯೂ, ಶವಸಂಸ್ಕಾರದ ವೇಳೆಯಲ್ಲಿಯೂ ಬೆಳಗಿಸುವುದು ಅವರ ಪದ್ಧತಿಯೆಂದು ಆಮೇಲೆ ತಿಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಗಾಯ ಮಾಯುತ್ತದೆಂದು ಇಲ್ಲಿ ಯಾರೂ ಹೇಳುವುದಿಲ್ಲ" ಎಂದರು.

ಆ ನಂಬುಗೆಯಲ್ಲಿ ಪಾಲುಗೊಳ್ಳುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಆದರೆ ಅದನ್ನು ಸಾವಿನ ಅರಿವಿಲ್ಲದವರ ಸಂಭ್ರಮವೆಂದು ಮಾತ್ರ ನಾನು ಇನ್ನು ತಿಳಿಯಲಾರೆ. ಶುಕ್ರವಾರವನ್ನೂ ಶನಿವಾರವನ್ನೂ ಪೂರ್ತಿಯಾಗಿ ಕಳೆದವರಿಗೆ ಬರುವ ಭಾನುವಾರ ಅದು. ಅಂದು ತರಗತಿಯಲ್ಲಿ ಎದ್ದು ನಿಂತ ಆ ಹುಡುಗಿ ಹೇಳಿದ್ದೂ ಇದನ್ನೇ ಎಂದು ಈಗ ತೋರುತ್ತದೆ.

(ಬಾನುಲಿ ಭಾಷಣ)